ಗುಡ್ಡಗಳ ನಡುವೆ ಗ್ಲೈಡರ್ ಎಳೆಯುವಾಗ ಹಗ್ಗ ಹರಿದರೆ ಏನು ಗತಿ?

ಪ್ರಶ್ನೆ: ಸರ್, ನನ್ನ ಮಗ ನ್ಯೂಜಿಲೆಂಡ್‌ನಲ್ಲಿ ಓದುತ್ತಿದ್ದಾನೆ. ಆರು ತಿಂಗಳಿಂದ ಅಲ್ಲಿನ ಓಮರಾಮಾ ಅನ್ನುವ ಊರಿಗೆ ಹೋಗಿ ಗ್ಲೈಡರ್ ಅನ್ನುವ ಎಂಜಿನ್ ಇಲ್ಲದ ವಿಮಾನ ಹಾರಿಸಲು ಕಲಿಯುತ್ತಿದ್ದಾನೆ. ಹೋದ ವಾರ ಒಂದು ವಿಡಿಯೋ ಕಳಿಸಿದ. ಮುಂದೆ ಒಂದು ಸಣ್ಣ ವಿಮಾನ, ಅದಕ್ಕೆ ಕಟ್ಟಿದ ಹಗ್ಗ, ಹಗ್ಗದ ತುದಿಗೆ ಇವನ ಗ್ಲೈಡರ್. ಎರಡೂ ಕಡೆ ದೊಡ್ಡ ದೊಡ್ಡ ಗುಡ್ಡ. ಆ ಹಗ್ಗ ನಮ್ಮ ಮನೆಯ ಎತ್ತು ಕಟ್ಟುವ ಹಗ್ಗಕ್ಕಿಂತ ಸಣ್ಣದು. ಅದು ಹರಿದರೆ ಏನು ಗತಿ? ಬೇಡ ಅಂತ ಹೇಳಲಾ, ಸುಮ್ನಿರಲಾ? ಇನ್ನೊಂದು ಮಾತು. ಇಲ್ಲಿ ಆನೆಗೊಂದಿ ಗುಡ್ಡಗಳ ಹತ್ತಿರವೂ ಇಂಥದ್ದು ಶುರು ಮಾಡಬಹುದು ಅಂತ ಅವನ ಗೆಳೆಯರು ಮಾತಾಡಿಕೊಳ್ಳುತ್ತಿದ್ದಾರೆ. ಆಗುತ್ತಾ?
— ಗಂಗಾವತಿಯಿಂದ ಒಬ್ಬ ತಾಯಿ

ಉತ್ತರ:

ತಾಯಿ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾನು ಹತ್ತೊಂಬತ್ತು ವರ್ಷ ಆ ಮುಂದಿನ ಸಣ್ಣ ವಿಮಾನದಲ್ಲಿ ಕೂತು ಗ್ಲೈಡರ್ ಎಳೆದವನು. ಈಗ ಬಳ್ಳಾರಿಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನನ್ನ ತಾಯಿಯೂ ಇದೇ ಪ್ರಶ್ನೆ ಕೇಳುತ್ತಿದ್ದಳು. ಆಗ "ಏನೂ ಆಗಲ್ಲ ಬಿಡವ್ವಾ" ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಅದು ತಪ್ಪು ಅಂತ ಈಗ ಅನ್ನಿಸುತ್ತದೆ. ನಿಮಗೆ ಹಾಗೆ ಹೇಳುವುದಿಲ್ಲ. ಅಪಾಯ ಇದೆ. ಆದರೆ ನೀವು ಅಂದುಕೊಂಡ ಜಾಗದಲ್ಲಿ ಇಲ್ಲ.

ಮೊದಲು ಹಗ್ಗದ ವಿಷಯ. ಆ ಹಗ್ಗ ಹರಿಯಲಿ ಅಂತಲೇ ಅದನ್ನು ಹಾಗೆ ಮಾಡಿರುತ್ತಾರೆ. ಅದರ ತುದಿಯಲ್ಲಿ ವೀಕ್ ಲಿಂಕ್ ಅಂತ ಒಂದು ಸಣ್ಣ ತುಂಡು ಇರುತ್ತದೆ. ನಮ್ಮ ಮನೆಯ ಮೀಟರ್ ಪಕ್ಕದ ಫ್ಯೂಸ್ ಇದ್ದ ಹಾಗೆ. ಎಳೆತ ಜಾಸ್ತಿಯಾದರೆ ಮೊದಲು ಅದೇ ಮುರಿಯಬೇಕು. ಅಮೆರಿಕದ ನಿಯಮದ ಪ್ರಕಾರ ಹಗ್ಗದ ಬಲ ಗ್ಲೈಡರ್‌ನ ಗರಿಷ್ಠ ತೂಕದ 80 ಶೇಕಡಾಕ್ಕಿಂತ ಕಡಿಮೆ ಇರಬಾರದು, ಎರಡು ಪಟ್ಟಿಗಿಂತ ಜಾಸ್ತಿಯೂ ಇರಬಾರದು. ಅಂದರೆ 500 ಕಿಲೋ ಗ್ಲೈಡರ್‌ಗೆ 400ರಿಂದ 1,000 ಕಿಲೋ. ಅದಕ್ಕಿಂತ ಗಟ್ಟಿ ಹಗ್ಗ ಹಾಕಬೇಕಾದರೆ ಎರಡೂ ತುದಿಗೆ ವೀಕ್ ಲಿಂಕ್ ಇರಲೇಬೇಕು. ಜರ್ಮನಿಯ ಟೋಸ್ಟ್ ಕಂಪನಿಯ ಲಿಂಕ್‌ಗಳಿಗೆ ಬಣ್ಣ ಬಳಿದಿರುತ್ತಾರೆ. ಬಿಳಿಯದು ಸುಮಾರು 500 ಕಿಲೋಗೆ ಮುರಿಯುತ್ತದೆ, ನೀಲಿ 600ಕ್ಕೆ, ಕೆಂಪು 750ಕ್ಕೆ. ಯಾವ ಗ್ಲೈಡರ್‌ಗೆ ಯಾವ ಬಣ್ಣ ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ. ನೀಲಿ ಸಿಗಲಿಲ್ಲ, ಕೆಂಪು ಹಾಕಿಬಿಡೋಣ ಅನ್ನುವವರು ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವವರಿದ್ದ ಹಾಗೆ.

ಹಗ್ಗ ಹರಿದರೆ ಗ್ಲೈಡರ್ ಕಲ್ಲಿನ ಹಾಗೆ ಬೀಳುವುದಿಲ್ಲ. ಅದಕ್ಕೆ ಹಾರಲು ಎಂಜಿನ್ ಬೇಡ. ಶಾಂತ ಗಾಳಿಯಲ್ಲಿ ಒಂದು ಸಾಧಾರಣ ಗ್ಲೈಡರ್ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಮೂವತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಹಗ್ಗ ಹರಿದಾಗ ಏನು ಮಾಡಬೇಕು ಅನ್ನುವುದನ್ನು ಒಬ್ಬನೇ ಹಾರುವ ಮೊದಲೇ ಕಲಿಸುತ್ತಾರೆ. ಗುರು ಹಿಂದಿನ ಸೀಟಿನಿಂದ ಹೇಳದೆ ಕೇಳದೆ ಹಳದಿ ಗುಂಡಿ ಎಳೆದು ಹಗ್ಗ ಬಿಟ್ಟುಬಿಡುತ್ತಾರೆ. ನಿಮ್ಮ ಮಗನಿಗೂ ಅದು ಆಗಿರಬೇಕು, ಕೇಳಿ ನೋಡಿ.

ಹಾಗಾದರೆ ನನಗೆ ಯಾವುದರ ಭಯ? ಎರಡು ವಿಮಾನಗಳನ್ನು ಒಂದಕ್ಕೊಂದು ಕಟ್ಟಿ ಹಾರಿಸುವುದರಲ್ಲೇ ಇರುವ ಭಯ. ಗುಡ್ಡಗಳು ಅದನ್ನು ಇನ್ನೂ ಜಾಸ್ತಿ ಮಾಡುತ್ತವೆ.

ಸಂಡೂರು ಘಾಟಿನಲ್ಲಿ ಕೆಟ್ಟು ನಿಂತ ಅದಿರು ಲಾರಿಯನ್ನು ಇನ್ನೊಂದು ಲಾರಿ ಎಳೆದುಕೊಂಡು ಹೋಗುವುದನ್ನು ನೀವು ನೋಡಿರಬಹುದು. ಮುಂದಿನವನು ಬ್ರೇಕ್ ಹಾಕಿದ ಕೂಡಲೇ ಹಗ್ಗ ಸಡಿಲ. ಹಿಂದಿನ ಲಾರಿ ಮುಂದೆ ನುಗ್ಗುತ್ತದೆ. ಮುಂದಿನವನು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಗ್ಗ ಫಟ್ ಅಂತ ಬಿಗಿಯುತ್ತದೆ. ಹಿಂದೆ ಸ್ಟೇರಿಂಗ್ ಹಿಡಿದು ಕೂತವನ ಕಣ್ಣು ಹಗ್ಗ ಬಿಟ್ಟು ಆಚೀಚೆ ಹೋಗುವಂತಿಲ್ಲ. ಆಕಾಶದಲ್ಲೂ ಹೀಗೇ. ವ್ಯತ್ಯಾಸ ಇಷ್ಟೇ: ಅಲ್ಲಿ ಹಿಂದಿನವನು ಮೇಲಕ್ಕೂ ಹೋಗಬಹುದು.

ಇದೇ ಎಲ್ಲಕ್ಕಿಂತ ಕೆಟ್ಟದ್ದು. ಗ್ಲೈಡರ್ ಏನೋ ಕಾರಣಕ್ಕೆ ಮುಂದಿನ ವಿಮಾನಕ್ಕಿಂತ ತುಂಬಾ ಮೇಲೆ ಹೋಯಿತು ಅನ್ನಿ. ಹಗ್ಗ ಕಟ್ಟಿರುವುದು ಮುಂದಿನ ವಿಮಾನದ ಬಾಲಕ್ಕೆ. ಅದು ಬಾಲವನ್ನು ಮೇಲಕ್ಕೆ ಎತ್ತುತ್ತದೆ, ಮೂತಿ ಕೆಳಗೆ ತಿರುಗುತ್ತದೆ. ಎಳೆಯುವ ಪೈಲಟ್ ಸ್ಟಿಕ್ಕನ್ನು ಹೊಟ್ಟೆಯವರೆಗೆ ಎಳೆದರೂ ಮೂತಿ ಮೇಲೆ ಬರುವುದಿಲ್ಲ. ಯಾಕಂದರೆ ಅವನ ಬಾಲದ ರೆಕ್ಕೆಗಿಂತ ಹಗ್ಗದ ಎಳೆತವೇ ಜಾಸ್ತಿ. ಇದೆಲ್ಲ ಆಗಲು ಮೂರು ನಾಲ್ಕು ಸೆಕೆಂಡು ಸಾಕು. ನೆಲದ ಹತ್ತಿರ ಆದರೆ ಹಿಂದಿನವನು ಬದುಕುತ್ತಾನೆ, ಮುಂದಿನವನು ಉಳಿಯುವುದು ಕಷ್ಟ.

ನನಗೆ ಇದು ಒಮ್ಮೆ ಆಗಿದೆ. ಒಂದು ಗುಡ್ಡಗಾಡಿನ ಕ್ಲಬ್ಬಿನಲ್ಲಿ, ಬೆಳಿಗ್ಗೆ ಹತ್ತೂವರೆ ಸುಮಾರಿಗೆ. ನೆಲದಿಂದ ನಾನೂರು ಮೀಟರ್ ಮೇಲಿದ್ದೆವು. ಗ್ಲೈಡರ್‌ನಲ್ಲಿದ್ದ ಹುಡುಗ ತೊಡೆಯ ಮೇಲಿನ ನಕ್ಷೆ ಮಡಚಲು ತಲೆ ತಗ್ಗಿಸಿದ್ದ. ಅಷ್ಟೇ ಅವನ ತಪ್ಪು. ನನಗೆ ಮೊದಲು ಗೊತ್ತಾಗಿದ್ದು ಸೀಟು ಹಗುರವಾದದ್ದು. ಅಂಗಿ ಜೇಬಿನ ಪೆನ್ನು ಎದ್ದು ಗಲ್ಲಕ್ಕೆ ಬಡಿಯಿತು. ಆಮೇಲೆ ಮುಂದಿನ ಗಾಜಿನಲ್ಲಿ ಆಕಾಶವೇ ಇರಲಿಲ್ಲ. ಕುರುಚಲು ಗಿಡ, ಅವುಗಳ ನಡುವೆ ಬಿಳಿ ಬಂಡೆ. ಬಲಗೈ ಸ್ಟಿಕ್ ಎಳೆಯುತ್ತಿತ್ತು, ಎಡಗೈ ಹಗ್ಗ ಬಿಡುವ ಹಿಡಿ ಹುಡುಕುತ್ತಿತ್ತು. ಎಳೆದೆ, ಕೊಕ್ಕೆ ಬಿಡಲಿಲ್ಲ. ಬಿಗಿದ ಹಗ್ಗ ಮೇಲ್ಮುಖವಾಗಿ ಎಳೆಯುತ್ತಿದ್ದರೆ ಕೆಲವು ತರಹದ ಕೊಕ್ಕೆಗಳು ಕಚ್ಚಿ ಹಿಡಿಯುತ್ತವೆ. ಮೊಳಕೈಯಿಂದ ಬಲ ಹಾಕಿ ಮತ್ತೆ ಎಳೆದಾಗ ಬಿಟ್ಟಿತು. ಅಷ್ಟರಲ್ಲಿ 120 ಮೀಟರ್ ಇಳಿದಿದ್ದೆ. ಆವತ್ತು ಆ ಹುಡುಗ ನಕ್ಷೆಯನ್ನು ಇನ್ನೂ ಎರಡು ನಿಮಿಷ ಮೊದಲು ಮಡಚಲು ಹೋಗಿದ್ದರೆ ಈ ಉತ್ತರ ಬೇರೆ ಯಾರೋ ಬರೆಯಬೇಕಾಗುತ್ತಿತ್ತು.

ಅದಕ್ಕೇ ಹೇಳುತ್ತೇನೆ, ಹಗ್ಗ ಹರಿಯುವುದಕ್ಕೆ ಹೆದರಬೇಡಿ. ಹಗ್ಗ ಬಿಡಬೇಕಾದಾಗ ಬಿಡದೇ ಇರುವುದಕ್ಕೆ ಹೆದರಿ. ಮುಂದಿನ ವಿಮಾನ ಕಣ್ಣಿಗೆ ಕಾಣದೆ ಹೋದರೆ ಆ ಕ್ಷಣವೇ ಹಳದಿ ಗುಂಡಿ ಎಳೆಯಬೇಕು. ಒಂದು ಕ್ಷಣ ನೋಡೋಣ, ಸರಿ ಹೋಗಬಹುದು ಅನ್ನುವಂತಿಲ್ಲ. ನಾನು ಕಲಿಸುವಾಗ ಬೇರೆಲ್ಲಾ ತಪ್ಪಿಗೂ ಸಮಾಧಾನವಾಗಿ ಹೇಳುತ್ತಿದ್ದೆ. ಇದೊಂದಕ್ಕೆ ಮಾತ್ರ ಗದರುತ್ತಿದ್ದೆ. ಆಸ್ಟ್ರೇಲಿಯಾದಲ್ಲಿ ಗ್ಲೈಡರನ್ನು ಮುಂದಿನ ವಿಮಾನಕ್ಕಿಂತ ಸ್ವಲ್ಪ ಕೆಳಗೇ ಇಟ್ಟು ಎಳೆಯುವ ಪದ್ಧತಿ ಇದೆ. ಅದರಲ್ಲಿ ಈ ಅಪಾಯ ಕಡಿಮೆ. ನನಗಂತೂ ಅದೇ ಇಷ್ಟ.

ಈಗ ಗುಡ್ಡಕ್ಕೆ ಬರೋಣ. ಬಯಲಲ್ಲಿ ಎಳೆಯುವುದಕ್ಕೂ ಗುಡ್ಡದಲ್ಲಿ ಎಳೆಯುವುದಕ್ಕೂ ಏನು ವ್ಯತ್ಯಾಸ? ಗಾಳಿ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ನೀರಿನ ಮೂಲಕ ಹೇಳುತ್ತೇನೆ. ನೀವು ಗಂಗಾವತಿಯವರು, ಆನೆಗೊಂದಿಯಲ್ಲಿ ಹರಿಗೋಲಿನಲ್ಲಿ ಹೊಳೆ ದಾಟಿರುತ್ತೀರಿ. ತುಂಗಭದ್ರೆ ತುಂಬಿ ಹರಿಯುವಾಗ ಬಂಡೆಗಳ ಹತ್ತಿರ ನೋಡಿ. ಬಂಡೆಯ ಮೇಲ್ಗಡೆ ನೀರು ನುಣ್ಣಗೆ ಏರಿ ಬರುತ್ತದೆ. ಬಂಡೆ ದಾಟಿದ ಕೂಡಲೇ ಧುಮುಕುತ್ತದೆ. ಅದರ ಕೆಳಗಡೆ ಒಂದು ಕಡೆ ನೀರು ಎದ್ದು ನಿಂತ ಹಾಗೆ ಅಲೆ ಇರುತ್ತದೆ. ಹೊಳೆ ಹರಿಯುತ್ತಲೇ ಇರುತ್ತದೆ, ಅಲೆ ಮಾತ್ರ ಜಾಗ ಬಿಡುವುದಿಲ್ಲ. ಆ ಅಲೆಯ ಬುಡದಲ್ಲಿ ನೀರು ಉರುಳುತ್ತಾ ನೊರೆ ಕಾರುತ್ತಾ ಸುತ್ತುತ್ತಿರುತ್ತದೆ. ಹರಿಗೋಲಿನವನು ಅಲ್ಲಿಗೆ ಸಾಯುವವರೆಗೂ ಹೋಗುವುದಿಲ್ಲ.

ಗಾಳಿಯೂ ಗುಡ್ಡ ದಾಟುವಾಗ ಹೀಗೇ ಮಾಡುತ್ತದೆ. ಗಾಳಿಗೆ ಎದುರಾದ ಕಡೆ ಏರು ಗಾಳಿ. ಗುಡ್ಡದ ಬೆನ್ನಿಗೆ ಇಳಿ ಗಾಳಿ. ಅದರಾಚೆ ಎತ್ತರದಲ್ಲಿ ನುಣುಪಾದ ಅಲೆ. ಅದಕ್ಕೆ ವೇವ್ ಅನ್ನುತ್ತಾರೆ. ಅಲೆಯ ಬುಡದಲ್ಲಿ ಉರುಳುವ ಗಾಳಿಗೆ ರೋಟರ್ ಅನ್ನುತ್ತಾರೆ. ಓಮರಾಮಾಕ್ಕೆ ಜಗತ್ತಿನ ಗ್ಲೈಡರ್‌ನವರೆಲ್ಲ ಹೋಗುವುದೇ ಆ ಅಲೆಗಾಗಿ. ವಾಯವ್ಯದ ಗಾಳಿ ಸದರ್ನ್ ಆಲ್ಪ್ಸ್ ಬೆಟ್ಟಸಾಲು ದಾಟಿ ಬಂದಾಗ ಅಲ್ಲಿ ಮೇಲೆ ಮಸೂರದಂಥ ಮೋಡಗಳು ನಿಲ್ಲುತ್ತವೆ. 1995ರಲ್ಲಿ ಗ್ಲೈಡಿಂಗ್‌ನ ವಿಶ್ವ ಸ್ಪರ್ಧೆ ನಡೆದದ್ದೂ ಅಲ್ಲೇ. ಅಲೆಯಲ್ಲಿ ಎಷ್ಟು ಎತ್ತರ ಹೋಗಬಹುದು ಅಂದರೆ, 2018ರ ಸೆಪ್ಟೆಂಬರ್ 2ರಂದು ಅರ್ಜೆಂಟೀನಾದ ಎಲ್ ಕಲಾಫಾತೆಯಿಂದ ಹೊರಟ ಪರ್ಲಾನ್ 2 ಅನ್ನುವ ಗ್ಲೈಡರ್ 76,124 ಅಡಿ ಮುಟ್ಟಿತು. ಅದನ್ನೂ ಒಂದು ವಿಮಾನ ಹಗ್ಗ ಕಟ್ಟಿಯೇ ಎಳೆದುಕೊಂಡು ಹೋಗಿತ್ತು, 40,000 ಅಡಿಗೂ ಮೇಲೆ.

ಆದರೆ ಆ ನುಣುಪಾದ ಅಲೆ ಮುಟ್ಟಲು ಎಷ್ಟೋ ಸಲ ಬುಡದ ರೋಟರ್ ದಾಟಬೇಕು. ದಾಟುವುದು ಹಗ್ಗದ ಮೇಲೆ. ಇಲ್ಲೇ ಒಂದು ಲೆಕ್ಕ ಹಾಕಿ ನೋಡಿ. ಹಗ್ಗದ ಉದ್ದ ಸುಮಾರು 60 ಮೀಟರ್. ಎಳೆಯುವ ವೇಗ ಗಂಟೆಗೆ 110 ಕಿಲೋಮೀಟರ್. ಅಂದರೆ ಮುಂದಿನ ವಿಮಾನ ಇದ್ದ ಜಾಗಕ್ಕೆ ಗ್ಲೈಡರ್ ಬರುವುದು ಎರಡು ಸೆಕೆಂಡಿನ ಮೇಲೆ. ಆ ಎರಡು ಸೆಕೆಂಡು ಮುಂದಿನವನು ಇಳಿ ಗಾಳಿಯಲ್ಲಿ, ಹಿಂದಿನವನು ಏರು ಗಾಳಿಯಲ್ಲಿ. ಒಬ್ಬ ಕೆಳಗೆ ಬೀಳುತ್ತಿದ್ದಾನೆ, ಇನ್ನೊಬ್ಬನನ್ನು ಯಾರೋ ಎತ್ತುತ್ತಿದ್ದಾರೆ. ಯಾರೂ ತಪ್ಪು ಮಾಡದೆ ನಾನು ಆಗಲೇ ಹೇಳಿದ ಸ್ಥಿತಿ ಬಂದುಬಿಡುತ್ತದೆ. ಮತ್ತೆರಡು ಸೆಕೆಂಡಿಗೆ ಎಲ್ಲಾ ಉಲ್ಟಾ. ಹಗ್ಗ ಸಡಿಲವಾಗಿ ಬಿಲ್ಲಿನ ಹಾಗೆ ಬಾಗಿ, ಕೆಲವು ಸಲ ಗ್ಲೈಡರ್‌ನ ರೆಕ್ಕೆಯ ಮೇಲೇ ಬರುತ್ತದೆ. ಆಗ ಹಿಂದಿನವನು ಮೆಲ್ಲಗೆ ಒಂದು ಕಡೆಗೆ ಮೂತಿ ತಿರುಗಿಸಿ ಸಡಿಲ ತೆಗೆಯಬೇಕು. ಗಾಬರಿಯಿಂದ ಎಳೆದರೆ ಫಟ್ ಅಂತ ಲಿಂಕ್ ಹೋಗುತ್ತದೆ.

ರೋಟರ್ ಎಂಥದ್ದು ಅನ್ನುವುದಕ್ಕೆ ಲ್ಯಾರಿ ಎಡ್ಗರ್ ಅನ್ನುವವರ ಕಥೆ ಸಾಕು. 1952ರಲ್ಲಿ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳ ಅಲೆಯಲ್ಲಿ ಇಬ್ಬರು ಕೂರುವ ಗ್ಲೈಡರನ್ನು 44,255 ಅಡಿಗೆ ಏರಿಸಿ ದಾಖಲೆ ಮಾಡಿದವರು. ಆ ಬೆಟ್ಟಗಳ ಗಾಳಿಯನ್ನು ಅವರಷ್ಟು ಬಲ್ಲವರು ಆಗ ಬಹಳ ಜನ ಇರಲಿಲ್ಲ. 1955ರ ಏಪ್ರಿಲ್ 25ರಂದು ಅದೇ ಬೆಟ್ಟಗಳ ಹಿಂದೆ ರೋಟರ್ ಅವರ ಗ್ಲೈಡರನ್ನು ಗಾಳಿಯಲ್ಲೇ ಚೂರು ಚೂರು ಮಾಡಿತು. ಆಗ ಅವರು ಹಗ್ಗದ ಮೇಲೆ ಇರಲಿಲ್ಲ, ಸ್ವತಂತ್ರವಾಗಿ ಹಾರುತ್ತಿದ್ದರು. ಪ್ಯಾರಾಚೂಟ್ ಇದ್ದದ್ದಕ್ಕೆ ಬದುಕಿದರು. ಸಣ್ಣ ಗ್ಲೈಡರ್ ಅಲ್ವಾ ಅನ್ನಬೇಡಿ. 1966ರ ಮಾರ್ಚ್ 5ರಂದು ಜಪಾನಿನ ಫ್ಯೂಜಿ ಪರ್ವತದ ಪಕ್ಕ ಬೋಯಿಂಗ್ 707 ವಿಮಾನವೇ ಬೆಟ್ಟದ ಗಾಳಿಗೆ ಸಿಕ್ಕಿ ಮುರಿದು ಬಿತ್ತು. 124 ಜನ ತೀರಿಹೋದರು.

ರೋಟರ್ ಒರಟು, ಕುಲುಕಿ ಎಚ್ಚರಿಸುತ್ತದೆ. ಇಳಿ ಗಾಳಿ ಹಾಗಲ್ಲ. ಸದ್ದಿಲ್ಲದೆ, ನುಣ್ಣಗೆ ಕೆಳಗಿಳಿಸುತ್ತದೆ. ಗ್ಲೈಡರ್ ಎಳೆಯಲು ಪೈಪರ್ ಪಾನಿ ಅನ್ನುವ ವಿಮಾನವನ್ನು ಬಹಳ ಕಡೆ ಬಳಸುತ್ತಾರೆ. ಮೊದಲು ಹೊಲಕ್ಕೆ ಔಷಧಿ ಹೊಡೆಯಲು ಮಾಡಿದ ವಿಮಾನ ಅದು. ಇಬ್ಬರು ಕೂತ ಗ್ಲೈಡರ್ ಎಳೆಯುವಾಗ ಸೆಕೆಂಡಿಗೆ ಎರಡು ಮೂರು ಮೀಟರ್ ಏರಿದರೆ ಹೆಚ್ಚು. ಗುಡ್ಡದ ಬೆನ್ನಿನ ಗಾಳಿ ಸೆಕೆಂಡಿಗೆ ಐದು ಮೀಟರ್ ಇಳಿಯುತ್ತಿದ್ದರೆ? ಥ್ರಾಟಲ್ ಪೂರ್ತಿ ಒತ್ತಿದ್ದರೂ ಇಬ್ಬರೂ ಸೇರಿ ಕೆಳಗೇ ಹೋಗುತ್ತಿರುತ್ತಾರೆ. ಸ್ಟೀವ್ ಫಾಸೆಟ್ ಅನ್ನುವ ಸಾಹಸಿ 2006ರಲ್ಲಿ ಎಲ್ ಕಲಾಫಾತೆಯಿಂದಲೇ ಗ್ಲೈಡರ್‌ನಲ್ಲಿ 50,000 ಅಡಿ ದಾಟಿದ್ದರು. ಮರುವರ್ಷ ಸೆಪ್ಟೆಂಬರ್ 3ರಂದು ಅದೇ ಸಿಯೆರಾ ನೆವಾಡಾದಲ್ಲಿ ಒಂದು ಸಣ್ಣ ಎಂಜಿನ್ ವಿಮಾನದಲ್ಲಿ ಒಬ್ಬರೇ ಹೋಗಿ ತೀರಿಕೊಂಡರು. ವಿಮಾನ ಏರಬಲ್ಲ ವೇಗಕ್ಕಿಂತ ಜೋರಾದ ಇಳಿ ಗಾಳಿಗೆ ಸಿಕ್ಕಿದ್ದೇ ಕಾರಣ ಅಂತ ತನಿಖೆ ಹೇಳಿತು. ಹಿಂದೆ ಗ್ಲೈಡರ್ ಕಟ್ಟಿಕೊಂಡಿರದ ವಿಮಾನದ ಕಥೆಯೇ ಇದು.

ಅದೇ ಇಳಿ ಗಾಳಿಯಲ್ಲಿ ಹಗ್ಗ ಹರಿದರೆ ಏನಾಗುತ್ತದೆ ಅಂತಲೂ ಲೆಕ್ಕ ಹಾಕೋಣ. ನೆಲದಿಂದ 300 ಮೀಟರ್ ಮೇಲೆ ಗ್ಲೈಡರ್ ಇದೆ. ಶಾಂತ ಗಾಳಿಯಾದರೆ ಒಂಬತ್ತು ಕಿಲೋಮೀಟರ್ ಹೋಗಬಹುದು. ಗಾಳಿ ಸೆಕೆಂಡಿಗೆ ಐದು ಮೀಟರ್ ಇಳಿಯುತ್ತಿದ್ದರೆ ಒಂದೂವರೆ ಕಿಲೋಮೀಟರ್ ಕೂಡ ಇಲ್ಲ. ಎದುರಿಗೆ ಗಂಟೆಗೆ 40 ಕಿಲೋಮೀಟರ್ ಗಾಳಿಯೂ ಇದ್ದರೆ ಒಂದು ಕಿಲೋಮೀಟರ್ ಒಳಗೇ ನೆಲ. ಬಯಲಲ್ಲಿ ಅಷ್ಟರಲ್ಲಿ ಯಾವುದೋ ಒಂದು ಹೊಲ ಸಿಗುತ್ತದೆ. ಕಣಿವೆಯಲ್ಲಿ ಸಿಗುವುದು ಬಂಡೆ, ಕಾಡು, ಇಲ್ಲವೇ ಹೊಳೆ. ಹಾಗಾಗಿ ಒಳ್ಳೆಯ ಟಗ್ ಪೈಲಟ್, ಅಂದರೆ ಎಳೆಯುವ ವಿಮಾನದ ಪೈಲಟ್, ದಾರಿ ಆರಿಸುವಾಗ ಬೇಗ ಎಲ್ಲಿ ಏರುತ್ತೇನೆ ಅಂತ ನೋಡುವುದಿಲ್ಲ. ಈ ಕ್ಷಣ ಹಗ್ಗ ಹೋದರೆ ಹಿಂದಿನ ಹುಡುಗ ಎಲ್ಲಿ ಇಳಿಯುತ್ತಾನೆ ಅಂತ ನೋಡುತ್ತಾನೆ. ನನ್ನ ಅನುಭವದಲ್ಲಿ ಇದೊಂದನ್ನು ಮನಸ್ಸಿನಲ್ಲಿ ಇಟ್ಟವನೇ ಗುಡ್ಡದಲ್ಲಿ ಎಳೆಯಲು ಯೋಗ್ಯ. ಉಳಿದದ್ದನ್ನೆಲ್ಲ ಕಲಿಸಬಹುದು.

ತಿರುಗುವುದೂ ಸುಲಭ ಇಲ್ಲ. ಹಗ್ಗ ಕಟ್ಟಿಕೊಂಡು ಕಡಿದಾಗಿ ವಾಲುವಂತಿಲ್ಲ. ಇಪ್ಪತ್ತು ಡಿಗ್ರಿ ವಾಲಿ 110 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ತಿರುಗಲು ಅರ್ಧ ಕಿಲೋಮೀಟರಿಗಿಂತ ಜಾಸ್ತಿ ಅಗಲ ಬೇಕು. ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ, ನಿಜವಾದ ವೇಗ ಹೆಚ್ಚುತ್ತದೆ, ಈ ಅಗಲವೂ ಹೆಚ್ಚುತ್ತದೆ. ವೇಗ ತೋರಿಸುವ ಮೀಟರಿನ ಮುಳ್ಳು ಮಾತ್ರ ಅದೇ ವೇಗ ತೋರಿಸುತ್ತಿರುತ್ತದೆ. ಆದ್ದರಿಂದ ಕಣಿವೆಯ ನಡುವೆ ಹೋಗಬಾರದು, ಒಂದು ಪಕ್ಕ ಹಿಡಿದು ಹೋಗಬೇಕು. ಆಗ ತಿರುಗಲು ಇಡೀ ಅಗಲ ಸಿಗುತ್ತದೆ. ಗುಡ್ಡದ ನೆತ್ತಿ ದಾಟುವಾಗ ನೇರ ನುಗ್ಗದೆ ಓರೆಯಾಗಿ ಹೋಗಬೇಕು. ಬೇಡ ಅನ್ನಿಸಿದರೆ ಸ್ವಲ್ಪ ತಿರುಗಿದರೆ ಸಾಕು, ಗುಡ್ಡದಿಂದ ಆಚೆ.

ಕಣ್ಣೂ ಮೋಸ ಮಾಡುತ್ತದೆ. ನಮ್ಮ ರಾಯಚೂರಿನ ಎರೆ ಬಯಲಲ್ಲಿ ನಿಂತರೆ ನೆಲ ಆಕಾಶ ಸೇರುವ ಗೆರೆ ಸುತ್ತಲೂ ಕಾಣುತ್ತದೆ. ಪೈಲಟ್ ಆ ಗೆರೆ ನೋಡಿಯೇ ಮೂತಿ ಸಮ ಇದೆಯಾ ಅಂತ ತಿಳಿಯುತ್ತಾನೆ. ಕಣಿವೆಯಲ್ಲಿ ಆ ಗೆರೆ ಇಲ್ಲ. ಎದುರಿನ ಇಳಿಜಾರನ್ನೇ ಗೆರೆ ಅಂದುಕೊಂಡು ಗೊತ್ತಿಲ್ಲದೆ ಮೂತಿ ಎತ್ತುತ್ತಾನೆ, ವೇಗ ಕಳೆದುಕೊಳ್ಳುತ್ತಾನೆ. ಹಿಂದಿನವನಿಗೂ ಕಷ್ಟ. ಬಯಲಲ್ಲಿ ಮುಂದಿನ ವಿಮಾನವನ್ನು ಆ ಗೆರೆಯ ಜೊತೆ ಹೋಲಿಸಿ ತಾನು ಮೇಲಿದ್ದೇನಾ ಕೆಳಗಿದ್ದೇನಾ ಅಂತ ನೋಡುತ್ತಿದ್ದ. ಇಲ್ಲಿ ಮುಂದಿನ ವಿಮಾನದ ರೆಕ್ಕೆ ಅದರ ಬಾಲಕ್ಕೆ ಎಲ್ಲಿ ತಾಗಿದಂತೆ ಕಾಣುತ್ತದೆ ಅನ್ನುವುದನ್ನೇ ಗುರುತಿಟ್ಟುಕೊಳ್ಳಬೇಕು. ಇದನ್ನು ಬಯಲಲ್ಲೇ ರೂಢಿ ಮಾಡಿಕೊಂಡಿರಬೇಕು.

ಸನ್ನೆಗಳ ಬಗ್ಗೆ ಎರಡು ಮಾತು. ಮುಂದಿನ ವಿಮಾನ ರೆಕ್ಕೆಗಳನ್ನು ಮೇಲೆ ಕೆಳಗೆ ಅಲ್ಲಾಡಿಸಿದರೆ "ಈಗಲೇ ಹಗ್ಗ ಬಿಡು" ಅಂತ ಅರ್ಥ. ಬಾಲವನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ "ನಿನ್ನ ಏರ್‌ಬ್ರೇಕ್ ತೆರೆದುಕೊಂಡಿದೆ, ನೋಡು" ಅಂತ. ಏರ್‌ಬ್ರೇಕ್ ಅಂದರೆ ಇಳಿಯುವಾಗ ರೆಕ್ಕೆಯಿಂದ ಏಳುವ ಪಟ್ಟಿ. ಸರಿಯಾಗಿ ಬೀಗ ಹಾಕಿರದಿದ್ದರೆ ಕುಲುಕಾಟಕ್ಕೆ ತಾನಾಗಿ ತೆರೆಯುತ್ತದೆ. ಗ್ಲೈಡರ್ ಕಬ್ಬಿಣದ ತೂಕ ಆಗಿಬಿಡುತ್ತದೆ. ಈ ಎರಡು ಸನ್ನೆ ಅದಲು ಬದಲು ಮಾಡಿಕೊಂಡು, ಬ್ರೇಕ್ ತೆರೆದಿರುವಾಗಲೇ ನೆಲದ ಹತ್ತಿರ ಹಗ್ಗ ಬಿಟ್ಟು ಪ್ರಾಣ ಕಳೆದುಕೊಂಡವರಿದ್ದಾರೆ. ಇನ್ನು ಗ್ಲೈಡರ್‌ನ ಕೊಕ್ಕೆ ಬಿಡದಿದ್ದರೆ ಪಕ್ಕಕ್ಕೆ ಸರಿದು ರೆಕ್ಕೆ ಅಲ್ಲಾಡಿಸಬೇಕು. ಮುಂದಿನವನು ಮೈದಾನದ ಮೇಲೆ ಕರೆದುಕೊಂಡು ಬಂದು ತನ್ನ ಕಡೆಯಿಂದ ಬಿಡುತ್ತಾನೆ. ರೇಡಿಯೋ ಇದ್ದೇ ಇರುತ್ತದೆ, ಆದರೂ ಸನ್ನೆ ಬಾಯಿಪಾಠ ಇರಬೇಕು. ಗಾಬರಿಯಲ್ಲಿ ಮಾತು ಕಿವಿಗೆ ಬೀಳುವುದಿಲ್ಲ.

ಆನೆಗೊಂದಿ ವಿಷಯಕ್ಕೆ ಬರುತ್ತೇನೆ. ನನ್ನ ಉತ್ತರ ಬೇಡ ಅಂತ. ಗುಡ್ಡ ಚೆನ್ನಾಗಿವೆ, ಬಿಸಿಲಿಗೆ ಬಂಡೆ ಕಾದು ಏರು ಗಾಳಿಯೂ ಚೆನ್ನಾಗಿ ಏಳುತ್ತದೆ. ಅಂಜನಾದ್ರಿಯ ಮೆಟ್ಟಿಲು ಹತ್ತುವಾಗ ನೀವೂ ನೋಡಿರಬಹುದು, ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿರುತ್ತವೆ. ಆದರೆ ಹಗ್ಗ ಹೋದರೆ ಇಳಿಯಲು ಏನಿದೆ? ಒಂದು ಕಡೆ ಬಂಡೆ, ಒಂದು ಕಡೆ ಹೊಳೆ. ಉಳಿದದ್ದು ಭತ್ತದ ಗದ್ದೆ. ನೀರು ನಿಂತ ಗದ್ದೆ, ಇಪ್ಪತ್ತು ಮಾರಿಗೊಂದು ಬದು, ಮೇಲೆ ಪಂಪ್‌ಸೆಟ್ಟಿನ ಕರೆಂಟ್ ತಂತಿ. ಗ್ಲೈಡರ್‌ಗೆ ಇದಕ್ಕಿಂತ ಕೆಟ್ಟ ನೆಲ ಕಡಿಮೆ.

ಬಿಸಿಲಿನ ಲೆಕ್ಕವೂ ಇದೆ. ಎತ್ತರ ಹೋದಾಗ ಆಗುವ ಹಾಗೆ, ಬಿಸಿಯಾದಾಗಲೂ ಗಾಳಿ ತೆಳುವಾಗುತ್ತದೆ. ಬಳ್ಳಾರಿ ಸಮುದ್ರ ಮಟ್ಟದಿಂದ ಸುಮಾರು 1,600 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ವಿಮಾನದವರು ಲೆಕ್ಕಕ್ಕೆ ಹಿಡಿಯುವ ಉಷ್ಣತೆ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ 42. ಹೆಚ್ಚಿದ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಬೇಕು. 30 ಡಿಗ್ರಿಗೆ 3,600 ಅಡಿ. ಅಂದರೆ ಬಳ್ಳಾರಿ ಬಯಲಲ್ಲೇ ನಿಂತಿದ್ದರೂ ಎಂಜಿನ್‌ಗೂ ರೆಕ್ಕೆಗೂ 5,200 ಅಡಿ ಮೇಲಿದ್ದ ಹಾಗೆ. ಸಾಧಾರಣ ಎಂಜಿನ್‌ನ ಶಕ್ತಿಯಲ್ಲಿ ಸುಮಾರು 15 ಶೇಕಡಾ ಅಲ್ಲೇ ಹೋಯಿತು. ಓಡಬೇಕಾದ ರನ್‌ವೇ ಉದ್ದ ಆಯಿತು, ಏರುವುದು ನಿಧಾನ ಆಯಿತು. ಇದರ ಜೊತೆ ಗುಡ್ಡ ಬೇರೆ. ಕಲಿಯುವ ಆಸೆ ಇದ್ದರೆ ಆ ಹುಡುಗರು ಪುಣೆಯ ಹಡಪ್ಸರ್‌ನ ಗ್ಲೈಡಿಂಗ್ ಕೇಂದ್ರದ ಬಗ್ಗೆ ವಿಚಾರಿಸಲಿ. ನಮ್ಮ ಭಾಗದಲ್ಲೇ ಮಾಡಬೇಕು ಅಂದರೆ ಗುಡ್ಡ ಬಿಟ್ಟು ಬಯಲು ನೋಡಲಿ, ಚಳಿಗಾಲದ ಬೆಳಿಗ್ಗೆ ನೋಡಲಿ. ವಿಮಾನ ಹಾರಾಟದ ಮೇಲೆ ನಿಗಾ ಇಡುವ ಕೇಂದ್ರ ಸರ್ಕಾರದ ಸಂಸ್ಥೆ ಡಿಜಿಸಿಎ, ಅದರ ಅನುಮತಿ ಇಲ್ಲದೆ ಒಂದು ಹೆಜ್ಜೆಯೂ ಇಡಬಾರದು. ಜೀಪಿಗೆ ಹಗ್ಗ ಕಟ್ಟಿ ಬಟ್ಟೆ ರೆಕ್ಕೆಯ ಪ್ಯಾರಾಗ್ಲೈಡರ್ ಎಳೆಯೋಣ ಅಂತ ಯಾರಾದರೂ ಬಂದರೆ ಅಲ್ಲೇ ನಿಲ್ಲಿಸಿ. ಅದು ಒಂದು ಪಕ್ಕಕ್ಕೆ ವಾಲಿದಾಗ ಎಳೆಯುವ ಹಗ್ಗವೇ ಅದನ್ನು ತಂದು ನೆಲಕ್ಕೆ ಬಡಿಯುತ್ತದೆ. ಹಗ್ಗ ಬಿಡಲು ಒಂದೆರಡು ಸೆಕೆಂಡಿಗಿಂತ ಜಾಸ್ತಿ ಸಮಯ ಇರುವುದಿಲ್ಲ.

ಇನ್ನು ನಿಮ್ಮ ಮಗ. ಬೇಡ ಅನ್ನಬೇಡಿ ತಾಯಿ. ಓಮರಾಮಾದಲ್ಲಿ ಎಷ್ಟೋ ವರ್ಷಗಳಿಂದ ಗುಡ್ಡದಲ್ಲೇ ಎಳೆದು ಪಳಗಿದವರಿದ್ದಾರೆ. ಮೈದಾನದ ಎತ್ತರವೂ ಸುಮಾರು 420 ಮೀಟರ್, ಹೆಚ್ಚು ಕಡಿಮೆ ನಿಮ್ಮ ಗಂಗಾವತಿಯಷ್ಟೇ. ಸುತ್ತಲಿನ ಬೆಟ್ಟ ಮಾತ್ರ ಬೇರೆ. ಬೇಡ ಅಂದರೆ ಅವನು ಹೋಗುವುದನ್ನು ನಿಲ್ಲಿಸುವುದಿಲ್ಲ, ನಿಮಗೆ ಹೇಳುವುದನ್ನು ನಿಲ್ಲಿಸುತ್ತಾನೆ. ಅದರ ಬದಲು ಪ್ರಶ್ನೆ ಕೇಳಿ. ನೂರು ಮೀಟರ್‌ನಲ್ಲಿ ಹಗ್ಗ ಹೋದರೆ ಎಲ್ಲಿ ಇಳೀತೀಯ, ಇನ್ನೂರರಲ್ಲಿ ಎಲ್ಲಿ, ಅಂತ ಕೇಳಿ. ಅವನು ತಡವರಿಸದೆ ಹೊಲದ ಹೆಸರು, ಬೇಲಿಯ ಗುರುತು ಹೇಳಬೇಕು. ಹಗ್ಗ ಬಿಟ್ಟ ಮೇಲೆ ನೀನು ಯಾವ ಕಡೆ ತಿರುಗ್ತೀಯ, ಮುಂದಿನವರು ಯಾವ ಕಡೆ, ಅಂತ ಕೇಳಿ. ಅದನ್ನು ನೆಲದ ಮೇಲೇ ಮಾತಾಡಿಕೊಂಡಿರಬೇಕು. ಎಳೆಯುವಾಗ ಫೋನ್, ನಕ್ಷೆ, ಕ್ಯಾಮರಾ ಮುಟ್ಟಲ್ಲ ಅಂತ ಮಾತು ತಗೊಳ್ಳಿ. ನಿಮಗೆ ಕಳಿಸಿದ ಆ ವಿಡಿಯೋ ಅವನೇ ಕೈಯಲ್ಲಿ ಹಿಡಿದು ತೆಗೆದದ್ದಾ ಅಂತಲೂ ಕೇಳಿ. ಹೌದು ಅಂದರೆ ಬೈಯಿರಿ, ನನ್ನ ಪರವಾಗಿಯೂ.

ಕೊನೆಯದಾಗಿ ಹಗ್ಗದ್ದೇ ಒಂದು ಮಾತು. ಪ್ರತಿ ಬೆಳಿಗ್ಗೆ ನಾನು ಹಗ್ಗವನ್ನು ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿ, ಈ ತುದಿಯಿಂದ ಆ ತುದಿಯವರೆಗೆ ಬೆರಳುಗಳ ನಡುವೆ ಜಾರಿಸುತ್ತಾ ನಡೆಯುತ್ತಿದ್ದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಟಾರಿಗೆ ಉಜ್ಜಿ ಎದ್ದ ನಾರು, ಬಿಸಿಲಿಗೆ ಒಣಗಿ ಪೆಡಸಾದ ಜಾಗ. ಎಲ್ಲಕ್ಕಿಂತ ಮುಖ್ಯ, ಗಂಟು. ಇಳಿಯುವಾಗ ನೆಲದ ಮೇಲೆ ಎಳೆದಾಡಿ ಹಗ್ಗದಲ್ಲಿ ತಾನಾಗಿ ಗಂಟು ಬೀಳುತ್ತದೆ. ಒಂದು ಗಂಟು ಹಗ್ಗದ ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ಆಮೇಲೆ ತುದಿಯ ಎರಡು ಉಕ್ಕಿನ ಉಂಗುರ ತಿರುಗಿಸಿ ನೋಡುತ್ತಿದ್ದೆ, ಬಿರುಕು ಇದೆಯಾ, ಚಪ್ಪಟೆ ಆಗಿದೆಯಾ ಅಂತ. ಕೊಕ್ಕೆಯನ್ನು ಬಿಗಿ ಎಳೆತದಲ್ಲಿಟ್ಟು ಬಿಡಿಸಿ ನೋಡುತ್ತಿದ್ದೆ. ಎಲ್ಲಾ ಸೇರಿ ಐದು ನಿಮಿಷ. ಮುಂದಿನ ಭಾನುವಾರ ಮಗ ಫೋನ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ಇವತ್ತು ಹಗ್ಗ ಯಾರು ನೋಡಿದ್ರು ಅಂತ ಕೇಳಿ. "ನಾನೇ ನೋಡ್ದೆ ಅಮ್ಮಾ, ಒಂದು ಗಂಟು ಇತ್ತು, ಹಗ್ಗ ಬದಲಾಯಿಸಿದ್ವಿ" ಅಂದರೆ ಆ ರಾತ್ರಿ ನೀವು ನೆಮ್ಮದಿಯಿಂದ ಮಲಗಬಹುದು.